ಹಾನ್ಲೆಯ ಕೆಂಪು ಆಕಾಶ

ದಸರಾ ರಜೆಯಲ್ಲಿ ನಾನೂ ನನ್ನಕ್ಕ ಶಾರದೆಯೂ ಸಹಕಾರನಗರದ ಮನೆಗೆ ಬೀಗ ಹಾಕಿ ಲಡಾಖಿಗೆ ಹೊರಟೆವು. ಅಕ್ಕ ಯಲಹಂಕದಲ್ಲಿ ವಿಜ್ಞಾನದ ಟೀಚರಾಗಿದ್ದವಳು. ಅವಳ ದೃಷ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಹಗಲಲ್ಲಿ ಎದುರಿಗಿದ್ದಷ್ಟು ಕಾಣುತ್ತದೆ, ಕತ್ತಲಾದರೆ ಏನೂ ಇಲ್ಲ. ನೋಡಬೇಕೆನಿಸಿದ್ದನ್ನು ಈಗಲೇ ನೋಡಿಬಿಡಿ ಎಂದಿದ್ದರು ಡಾಕ್ಟರು. ಅವಳು ಆರಿಸಿಕೊಂಡದ್ದು ಹಾನ್ಲೆ. ಚೀನಾ ಗಡಿಯ ಹತ್ತಿರ, ನಕ್ಷತ್ರ ನೋಡಲೆಂದೇ ಜನ ಹೋಗುವ ಹಳ್ಳಿ.

"ರಾತ್ರಿ ನಿಂಗೇನೂ ಕಾಣಲ್ಲವಲ್ಲ ಅಕ್ಕ, ಅಲ್ಲಿಗ್ಯಾಕೆ?" ಎಂದು ಏರ್‌ಪೋರ್ಟ್ ಬಸ್ಸಿನಲ್ಲಿ ಕೇಳಿದೆ.

"ಬೋರ್ಡ್ ಮೇಲೆ ಚುಕ್ಕಿ ಇಟ್ಟು ನಕ್ಷತ್ರ ಅಂತ ಪಾಠ ಮಾಡ್ದವಳು ಕಣೇ ನಾನು. ಒಂದ್ಸಲ ಅದರ ಕೆಳಗೆ ನಿಲ್ಬೇಕು."

ದೆಹಲಿಯಿಂದ ಲೇಹ್‌ಗೆ ಹಾರಿ, ತೆಳುಗಾಳಿಗೆ ಮೈ ಒಗ್ಗಲೆಂದು ಅಲ್ಲಿ ಎರಡು ದಿನ ಸುಮ್ಮನೆ ಕೂತೆವು. ಆಮೇಲೆ ಸಿಂಧೂ ನದಿಯ ದಂಡೆ ಹಿಡಿದು ಇನ್ನೂರೈವತ್ತು ಕಿಲೋಮೀಟರಿಗೂ ಮೀರಿದ ಕಾರು ಪ್ರಯಾಣ. ಹಾನ್ಲೆ ಮುಟ್ಟುವಷ್ಟರಲ್ಲಿ ಅಕ್ಕನಿಗೆ ವಿಪರೀತ ತಲೆನೋವು. ಬೆಳಿಗ್ಗೆಯೇ ಕೆಳಗಿಳಿಯಬೇಕು, ಇಲ್ಲಿ ಉಳಿಯುವಂತಿಲ್ಲ ಎಂದ ಡ್ರೈವರ್. ನಮಗೆ ಸಿಕ್ಕಿದ್ದು ಒಂದೇ ರಾತ್ರಿ.

ನಾವಿಳಿದ ಮನೆಯೊಡತಿ ಡೋಲ್ಮಾ ಬಿಸಿ ತುಕ್ಪಾ ಕೊಟ್ಟರು. ಬೋಗುಣಿ ತುಂಬ ನೂಡಲ್ಸು, ತರಕಾರಿ ಸಾರು. ಕುಡಿದು ಅಕ್ಕ ರಜಾಯಿ ಹೊದ್ದಳು. ಸ್ವಲ್ಪ ಹೊತ್ತಿಗೆ ಡೋಲ್ಮಾ ಬಾಗಿಲು ತಟ್ಟಿ, ಆಕಾಶ ಕೆಂಪಾಗಿದೆ, ತಾನು ಹಿಂದೆ ಹೀಗೆ ಕಂಡಿಲ್ಲ, ಬನ್ನಿ ಎಂದು ಹಿಂದಿಯಲ್ಲಿ ಕರೆದರು.

ಅಕ್ಕನ ಕೈ ಹಿಡಿದು ಅಂಗಳಕ್ಕೆ ಬಂದೆ. ಬೆಟ್ಟದಾಚೆ ಎಲ್ಲೋ ಬೆಂಕಿ ಬಿದ್ದಂತೆ ಮಂಕು ಕೆಂಪು.

"ಯಾವ ದಿಕ್ಕು?" ಎಂದಳು ಅಕ್ಕ.

"ಉತ್ತರ."

"ಹಸಿರು ಇದೆಯಾ?"

"ಇಲ್ಲ, ಬರೀ ಕೆಂಪು."

"ಧ್ರುವದ ಬೆಳಕು ಕಣೇ ಅದು. ಸೂರ್ಯನಲ್ಲಿ ದೊಡ್ಡ ಬಿರುಗಾಳಿ ಎದ್ದಿರ್ಬೇಕು. ಇಷ್ಟು ದಕ್ಷಿಣಕ್ಕೆ ಕಾಣೋದು ತೀರಾ ಅಪರೂಪ. ಹಸಿರು ಕೆಳಗಡೆ ಉಳಿದುಬಿಡುತ್ತೆ, ನಮಗೆ ಸಿಗೋದು ಅದರ ಕೆಂಪು ಮೇಲ್ತುದಿ ಮಾತ್ರ." ಆಮೇಲೆ, "ನಂಗೆ ಕತ್ತಲೆ ಅಷ್ಟೇ" ಎಂದಳು. ಇಡೀ ಪ್ರಯಾಣದಲ್ಲಿ ಅವಳು ಹಾಗೆ ಅಂದದ್ದು ಅದೊಂದೇ ಸಲ.

ಫೋನನ್ನು ಅಲುಗಾಡದಂತೆ ಗೋಡೆಯ ಕಲ್ಲಿಗೆ ಒರಗಿಸಿ ಫೋಟೋ ತೆಗೆದೆ. ಬೆಳಗುವ ಪರದೆಯ ಮೇಲೆ ಬೆಟ್ಟದ ನೆತ್ತಿಯೆಲ್ಲ ಕುಂಕುಮ. ಅದನ್ನು ಅಕ್ಕನ ಮುಖದೆದುರು ಹಿಡಿದೆ. ಅವಳು ಫೋನು ಕಸಿದುಕೊಂಡು, ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸುತ್ತ, ತುಂಡು ತುಂಡಾಗಿ ಆಕಾಶವನ್ನೆಲ್ಲ ನೋಡಿದಳು.

"ಮೇಲಕ್ಕೆ ಹೋಗ್ತಾ ನೇರಳೆ ಆಗಿದೆ. ನಿಂಗೆ ಕಾಣ್ತಿದೆಯಾ?"

ತಲೆಯೆತ್ತಿ ನೋಡಿದೆ. ಫೋನಿನ ಕ್ಯಾಮೆರಾ ಹಿಡಿದಿದ್ದ ನೇರಳೆ ನನ್ನ ಬರಿಗಣ್ಣಿಗೆ ಇರಲಿಲ್ಲ. ಅಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಡೋಲ್ಮಾ ತಮ್ಮ ಶಾಲು ಬಿಚ್ಚಿ ಅವಳಿಗೆ ಹೊದಿಸಿದರು.

ಬೆಳಿಗ್ಗೆ ಹೊರಟಾಗ ಅಕ್ಕ ಕಾರು ನಿಲ್ಲಿಸಲು ಹೇಳಿದಳು. ರಾತ್ರಿ ಕೆಂಪಾಗಿ ಕಂಡದ್ದು ಹಗಲಲ್ಲಿ ಹುಲ್ಲುಕಡ್ಡಿಯಿಲ್ಲದ ಕಂದು ಬೆಟ್ಟ. ಅವಳು ಅದಕ್ಕೆ ಕೈಮುಗಿದಳು. ನಾನು ಡೋಲ್ಮಾರ ಮನೆಯತ್ತ ತಿರುಗಿ ಮುಗಿದೆ.

ಊರಿಗೆ ಬಂದ ಮೇಲೆ ಪಾರ್ಕಿನಲ್ಲಿ ಪಕ್ಕದ ಮನೆಯವರು ಫೋಟೋ ನೋಡಿ, "ಕಣ್ಣಾರೆ ನೋಡಿದ್ರಾ ಟೀಚರ್?" ಎಂದು ಕೇಳಿದರು.

"ನೋಡ್ದೆ ಕಣ್ರೀ. ನನ್ನ ತಂಗಿಗಿಂತ ಚೆನ್ನಾಗಿ ನೋಡ್ದೆ" ಎಂದಳು ಅಕ್ಕ.