ಸಿಹಿಯಿಲ್ಲದ ಬಾಟಲಿ

ದುಬೈಯಿಂದ ತಮ್ಮನ ಫೋನು ಬಂದರೆ ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಊರಿಗೆ ಹೊರಡುವ ಮೊದಲು ಅವನು ಕೇಳುವುದು ಒಂದೇ: "ಅಕ್ಕ, ನಿನಗೆ ಎಂತ ತರ್ಲಿ?" ಉತ್ತರವೂ ನಮ್ಮಲ್ಲಿ ಮೊದಲೇ ಗೊತ್ತಿರುವಂಥದ್ದು. "ಎಂತದೂ ಬೇಡ, ನೀನು ಬಂದರೆ ಸಾಕು." ಬೇಕಾದ್ದನ್ನು ಹೆಸರು ಹಿಡಿದು ಕೇಳುವುದು ಆಸೆಬುರುಕುತನ. ಬೇಡ ಎಂದವಳಿಗೆ ಅವನು ಪ್ರತಿ ಸಲವೂ ಏರ್‌ಪೋರ್ಟಿನ ಅಂಗಡಿಯಿಂದ ಒಂದು ಬಾಟಲಿ ಸಿಹಿ ವೈನು ತರುತ್ತಿದ್ದ.

ಅದಕ್ಕೂ ಕಾರಣವಿತ್ತು. ತೊಂಬತ್ತರ ದಶಕದ ಆರಂಭದಲ್ಲಿ, ಬಂಟ್ವಾಳದ ತವರಿನಲ್ಲಿ ನಾನು ಬಾಣಂತಿಯಾಗಿದ್ದಾಗ ಅಮ್ಮ ಊಟದ ನಂತರ ಸಣ್ಣ ಲೋಟದಲ್ಲಿ ವೈನು ಕೊಡುತ್ತಿದ್ದರು, ಮೈಗೆ ರಕ್ತ ಬರಲಿ ಎಂದು. ಬಾಣಂತಿಯ ವೈನು ಕುಡಿತವಲ್ಲ, ಕಷಾಯದ ಸಾಲಿನದ್ದು. ಯಾರೂ ಏನೂ ಅನ್ನುವುದಿಲ್ಲ. ನಾನು ಲೋಟದ ತಳವನ್ನೂ ಬಿಡದೆ ಕುಡಿದದ್ದನ್ನು ತಮ್ಮ ನೋಡಿದ್ದನಂತೆ. ಹಾಗೆ ಅವನು ಹೇಳುತ್ತಾನೆ. ನನಗೆ ನೆನಪಿರುವುದು ಕೆಮ್ಮಿನ ಸಿರಪ್ಪಿನಂಥ ಅಂಟು ಮಾತ್ರ.

ಶಿರ್ತಾಡಿಯ ಗಂಡನ ಮನೆಯಲ್ಲಿ ತಮ್ಮ ತಂದ ಬಾಟಲಿ ಅತ್ತೆಯ ಕಪಾಟಿನಲ್ಲಿ, ಅರಿಷ್ಟದ ಬಾಟಲಿಗಳ ಪಕ್ಕ ನಿಲ್ಲುತ್ತಿತ್ತು. ಗಂಟುನೋವಿಗೆ ಒಳ್ಳೆಯದೆಂದು ಅತ್ತೆ ಸಂಜೆ ಸ್ಟೀಲ್ ಲೋಟದಲ್ಲಿ ಸ್ವಲ್ಪ ಹಾಕಿಕೊಂಡು ನನಗೂ ಸ್ವಲ್ಪ ಕೊಡುತ್ತಿದ್ದರು. ಇಬ್ಬರೂ ಮದ್ದು ಕುಡಿಯುವ ಮುಖ ಮಾಡುತ್ತಿದ್ದೆವು. ನನ್ನ ಗಂಡ ಅದನ್ನು ಹೆಂಗಸರ ಟಾನಿಕ್ ಎನ್ನುತ್ತಿದ್ದರು.

ಮೂಡುಬಿದಿರೆಯಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಗೆಳತಿಯ ಮನೆಗೆ ಒಮ್ಮೆ ಊಟಕ್ಕೆ ಹೋಗಿದ್ದೆ. ಹಡಗಿನಲ್ಲಿ ಕೆಲಸಕ್ಕಿದ್ದ ಅವಳ ಗಂಡ ಎಲ್ಲರಿಗೂ ಒಂದಿಷ್ಟು ಕೆಂಪು ವೈನು ಕೊಟ್ಟ. ಸಿಹಿಯೇ ಇಲ್ಲ. ಮೊದಲು ಹುಳಿ, ಹಿಂದಿನಿಂದ ಗೇರುಹಣ್ಣಿನ ಹಾಗೆ ನಾಲಿಗೆ ಹಿಡಿಯುವ ಒಗರು. ಅದು ಯಾವ ಕಾಯಿಲೆಗೂ ಅಲ್ಲ ಎಂದು ಕುಡಿಯುವಾಗಲೇ ಅನ್ನಿಸಿತು. ಆ ದಿನದ ಡೈರಿಯಲ್ಲಿ ಊಟಕ್ಕಿದ್ದ ಕೋಳಿಸುಕ್ಕದ ವಿಷಯ ಉಂಟು, ವೈನಿನ ಸುದ್ದಿಯಿಲ್ಲ. ಬರೆಯಲು ಹೆದರಿದೆನೋ, ಆ ರುಚಿಯನ್ನು ಆಮೇಲೆ ನೆನಪಿನಲ್ಲಿ ನಾನೇ ಬೆಳೆಸಿಕೊಂಡೆನೋ ಗೊತ್ತಿಲ್ಲ.

ಮತ್ತೆ ಅದು ಬೇಕು ಅನ್ನಿಸಿದ್ದಂತೂ ನಿಜ. ಆದರೆ ಫೋನು ಇದ್ದದ್ದು ಚಾವಡಿಯಲ್ಲಿ. ಅತ್ತೆ ಕೂರುವುದೂ ಅಲ್ಲೇ. ಸಿಹಿಯದ್ದು ಮದ್ದು. ಸಿಹಿಯಿಲ್ಲದ್ದು ಬೇಕೆಂದರೆ, ರುಚಿಗಾಗಿ ಕುಡಿಯುತ್ತೇನೆ ಎಂದು ಅವರೆದುರು ಒಪ್ಪಿಕೊಂಡ ಹಾಗೆ. ವಾಕ್ಯ ಕಟ್ಟಿಕೊಂಡು ಹೋಗಿ, ಫೋನಿನ ವಯರನ್ನು ಬೆರಳಿಗೆ ಸುತ್ತಿ ಬಿಚ್ಚಿ, "ಎಂತದೂ ಬೇಡ" ಎಂದೇ ಎಷ್ಟೋ ವರ್ಷ ರಿಸೀವರ್ ಇಟ್ಟುಬಿಟ್ಟೆ.

ಇಸವಿ ಎರಡು ಸಾವಿರ ದಾಟಿದ ಮೇಲೆ ಒಂದು ಸಲ, ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಾಗಲೇ ಹೇಳಿದೆ.

"ಈ ಸಲ ಸಿಹಿ ಇಲ್ಲದ್ದು ತಾ."

"ಸಿಹಿ ಇಲ್ಲದ್ದು ಎಂತ?"

"ಅದೇ, ನೀನು ತರುವ ವೈನು. ಒಗರು ಇರ್ಬೇಕು. ಗೇರುಹಣ್ಣು ತಿಂದ ಹಾಗೆ."

"ನಿನಗೆ ಶುಗರ್ ಉಂಟಾ?"

ಹೌದು ಎಂದಿದ್ದರೆ ಅದೂ ಮದ್ದಾಗುತ್ತಿತ್ತು. "ಇಲ್ಲ. ನನಗೆ ಅದು ಇಷ್ಟ," ಎಂದೆ.

"ಇಷ್ಟು ವರ್ಷ ಹೇಳ್ಲಿಲ್ಲ ನೀನು, ಮಾರಾಯ್ತಿ," ಎಂದ.

ಅತ್ತೆ ತಲೆ ಎತ್ತಲಿಲ್ಲ.

ತಮ್ಮ ಕೇಳಿದ್ದನ್ನೇ ತಂದ. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಇದು ಹಾಳಾಗಿದೆ. ಪಾಪ, ಅವನಿಗೆ ಯಾರೋ ಟೋಪಿ ಹಾಕಿದ್ದಾರೆ."

"ಇಲ್ಲ ಅತ್ತೆ, ಇದು ಹೀಗೇ ಇರುವುದು."

"ಹಾಗಾದರೆ ನೀನೇ ಕುಡಿ," ಎಂದು ಲೋಟ ನನ್ನ ಕಡೆ ಸರಿಸಿದರು.

ಕುಡಿದೆ. ಅದು ಆ ಊಟದ ದಿನದ ರುಚಿಯೇ ಎಂದು ಹೇಳಲಾರೆ, ಚೆನ್ನಾಗಿತ್ತು. ಆದರೆ ಸಂಜೆಯಾದರೆ ಅತ್ತೆ ಅದೇ ಸ್ಟೀಲ್ ಲೋಟದಲ್ಲಿ ಅರಿಷ್ಟ ಕುಡಿದು ಬೇಗ ಎದ್ದು ಹೋಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತಿದ್ದೆ.

ಮುಂದಿನ ರಜೆಗೆ ತಮ್ಮ, "ಅದೇ ತರ್ಲಾ?" ಎಂದಾಗ ನಾನು, "ಅತ್ತೆಯ ಹತ್ರ ಕೇಳು," ಎಂದು ರಿಸೀವರನ್ನು ಅವರ ಕೈಗೆ ಕೊಟ್ಟೆ.

"ಎಂತದೂ ಬೇಡ ಮಗಾ, ನೀನು ಬಂದರೆ ಸಾಕು," ಎಂದರು ಅತ್ತೆ. ರಿಸೀವರ್ ಮಾತ್ರ ವಾಪಸು ಕೊಡಲಿಲ್ಲ. ಅವನು ಮತ್ತೆ ಕೇಳಿರಬೇಕು.

"ಅಲ್ಲ, ಗಂಟುನೋವು ಈಗ ಅಷ್ಟು ಇಲ್ಲ," ಎನ್ನುತ್ತಾ ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿದರು. "ಆದ್ರೂ ಮೊದಲು ತರ್ತಿದ್ದಿಯಲ್ಲ, ಅದು ರುಚಿ ಇತ್ತು."