ಹಡಗಿನ ಪಿಚ್ಚರಿನ ಕಡೆಯ ಇಪ್ಪತ್ತು ನಿಮಿಷ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ. ಕಾಲೇಜಿನಲ್ಲಿದ್ದಾಗ ನನ್ನ ಗೆಳೆಯ ತನ್ನ ಬುತ್ತಿಯ ರೊಟ್ಟಿಯನ್ನು ಬೇರೊಬ್ಬನಿಗೆ ಮುರಿದು ಕೊಟ್ಟನೆಂದು ಎಂಟು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಒಂಬತ್ತನೆಯ ದಿನ ಅವನೇ ಬಂದು, ಯಾಕೆ ಏನು ಎಂದು ಕೇಳದೆ, ಅರ್ಧ ರೊಟ್ಟಿಯನ್ನು ನನ್ನ ಕೈಗಿಟ್ಟ. ಆಮೇಲೆ ಎಲ್ಲ ಸರಿಹೋಯಿತು. ಈಗ ನನಗೆ ಐವತ್ತೈದು ದಾಟಿದೆ. ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೇನೆ, ಪರರ ಏಳ್ಗೆ ಕಂಡು ಸಂತೋಷಪಡಬೇಕೆಂದು ಮಕ್ಕಳಿಗೆ ಪಾಠ ಹೇಳುತ್ತೇನೆ. ಸ್ವಭಾವ ಮಾತ್ರ ಹಾಗೇ ಇದೆ.

ಆ ಗೆಳೆಯನೂ ನನ್ನಂತೆ ಶಲವಡಿಯವನೇ. ಜಮಖಾನೆ ನೇಯುವ ಮನೆಯ ಹೆಣ್ಣನ್ನು ಮದುವೆಯಾಗಿ ನವಲಗುಂದಕ್ಕೆ ಹೋದ. ಅವನ ಹೆಂಡತಿ ಒಳಗೆ ಮಗ್ಗದಲ್ಲಿ ನೇಯುತ್ತಾಳೆ, ಇವನು ಹೊರಗೆ ಅಂಗಡಿಯಲ್ಲಿ ಕುಳಿತು ಮಾರುತ್ತಾನೆ. ಮೂವತ್ತು ವರ್ಷದಿಂದ ರವಿವಾರ ಮಧ್ಯಾಹ್ನ ಊಟ ಮುಗಿಸಿ ನಾನು ಆ ಅಂಗಡಿಗೆ ಹೋಗುತ್ತೇನೆ. ಬಾಗಿಲ ಎಡಕ್ಕೆ, ಫ್ಯಾನಿನ ಕೆಳಗೆ, ಮಡಚಿ ಒಂದರ ಮೇಲೊಂದು ಇಟ್ಟ ಜಮಖಾನೆಗಳ ಥಪ್ಪಿ ಇದೆ. ಅದು ನನ್ನ ಜಾಗ. ಗಿರಾಕಿಗಳಿಗೆ ತೋರಿಸಲು ಬಿಚ್ಚಿದ ದೊಡ್ಡ ಜಮಖಾನೆಗಳನ್ನು ಮತ್ತೆ ಮಡಚಲು ಇಬ್ಬರು ಬೇಕು. ಒಂದು ತುದಿ ಅವನದು, ಇನ್ನೊಂದು ನನ್ನದು. ಮಡಚುತ್ತ ಮಡಚುತ್ತಲೇ ನಮ್ಮ ವಾದ ನಡೆಯುತ್ತಿತ್ತು.

ವಾದದ ವಿಷಯ ಒಂದೇ. ಪರದೇಶದ ಒಬ್ಬ ಗೂಢಚಾರಿಯ ಸಿನಿಮಾಗಳು. ನಾವು ಹುಟ್ಟುವ ಮೊದಲೇ ಶುರುವಾಗಿದ್ದವು, ಇನ್ನೂ ಬರುತ್ತಲೇ ಇವೆ. ಹೀರೋನ ಮುಖ ಬದಲಾಗುತ್ತದೆ, ಕೋಟು ಅದೇ. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ನಾವೇ ಒಂದೊಂದಕ್ಕೂ ಹೆಸರಿಟ್ಟಿದ್ದೆವು: ಮಂಜಿನದು, ರೈಲಿನದು, ಹಡಗಿನದು, ಮುದುಕನದು. ಮುದುಕನದೆಂದರೆ, ಹೀರೋಗೆ ವಯಸ್ಸಾಗಿದ್ದರೂ ಬಿಡದೆ ಓಡಿಸಿದ್ದು. ಅವನು ಮೆಟ್ಟಿಲು ಹತ್ತುವಾಗ ನಮಗೇ ಮೊಣಕಾಲು ನೋಯುತ್ತಿತ್ತು. ಇವುಗಳಲ್ಲಿ ಯಾವುದು ಚಲೋ ಎಂಬ ಬಗ್ಗೆ ನಾವು ಎಂದೂ ಜಗಳಾಡಲಿಲ್ಲ. ಯಾವುದು ಅಗದಿ ಡಬ್ಬಾ ಎಂಬುದರ ಮೇಲೆ ಮಾತ್ರ ರವಿವಾರಗಳು ಉರುಳಿದವು.

ಕಡೆಗೆ ಗೆಲ್ಲುತ್ತಿದ್ದುದು, ಅಂದರೆ ಸೋಲುತ್ತಿದ್ದುದು, ಯಾವಾಗಲೂ ಹಡಗಿನ ಪಿಚ್ಚರು. ಅದಕ್ಕೆ ಕಾರಣ ನಾನು. ನನ್ನ ಹಿಂದೆ ಇನ್ನೊಂದು ಕಾರಣ ನಮ್ಮೂರಿನ ಬಸ್ಸು.

ನಾವಿಬ್ಬರೂ ಊರಲ್ಲೇ ಇದ್ದ ಕಾಲದಲ್ಲಿ ಇಂಗ್ಲಿಷ್ ಸಿನಿಮಾ ನೋಡಬೇಕೆಂದರೆ ಹುಬ್ಬಳ್ಳಿಗೇ ಹೋಗಬೇಕು. ಆಟ ಮೂರು ಗಂಟೆಗೆ, ಊರಿಗೆ ನೇರ ಹೋಗುವ ಕಡೆಯ ಬಸ್ಸು ಐದೂವರೆಗೆ. ಜಾಹೀರಾತು, ಇಂಟರ್‌ವಲ್ಲು ಎಲ್ಲ ಮುಗಿದು ಕತೆ ಕುದಿ ಹಿಡಿಯುವ ಹೊತ್ತಿಗೆ ನಾವು ಏಳಬೇಕು. ಅದಕ್ಕೆಂದೇ ಶಲವಡಿಯವರೆಲ್ಲ ಬಾಗಿಲ ಹತ್ತಿರದ ಕುರ್ಚಿ ಹಿಡಿಯುತ್ತಿದ್ದೆವು. ಐದು ದಾಟಿ ಹತ್ತು ನಿಮಿಷಕ್ಕೆ ಯಾರಾದರೊಬ್ಬರು ವಾಚು ನೋಡಿ ಕೆಮ್ಮುವರು, ಸಾಲಿಗೆ ಸಾಲೇ ಎದ್ದು ನಿಲ್ಲುವುದು. ಗೇಟ್‌ಕೀಪರ್ ಪರದೆ ಸರಿಸಿ ದಾರಿ ಬಿಡುತ್ತ, "ಶಲವಡಿ ಮಂದಿ ಎದ್ರು, ಇನ್ನ ಹೀರೋ ಗೆಲ್ತಾನ" ಎನ್ನುತ್ತಿದ್ದ. ಅವನು ಹೇಗೆ ಗೆಲ್ಲುತ್ತಾನೆಂಬುದನ್ನು ನಾವು ಬಸ್ಸಿನಲ್ಲಿ ಕುಳಿತು ಊಹಿಸುತ್ತಿದ್ದೆವು. ಬೇಗ ಮುಗಿಯುವ ಸಿನಿಮಾಗಳೆಲ್ಲ ನಮಗೆ ಚಲೋ, ಉದ್ದನೆಯವೆಲ್ಲ ಸಪ್ಪೆ.

ಹಡಗಿನದು ಎಲ್ಲಕ್ಕಿಂತ ಉದ್ದ. ಗೂಢಚಾರಿಯನ್ನು ಹಡಗಿನ ಕಂಬಕ್ಕೆ ಕಟ್ಟಿಹಾಕಿ, ಅವನ ಜೊತೆಗಿದ್ದ ಹುಡುಗಿಯನ್ನು ಸಮುದ್ರಕ್ಕೆ ನೂಕಿದ ಗಳಿಗೆಗೇ ನಾವು ಎದ್ದೆವು. ಅಂದು ಬುಧವಾರ. ಅಣ್ಣಿಗೇರಿ ದಾಟುವ ತನಕ ಗೆಳೆಯನದು ಒಂದೇ ಪ್ರಶ್ನೆ, ಮುಂದೇನಾಗಿರಬೇಕು? ನನ್ನ ಅಕ್ಕನನ್ನು ಹುಬ್ಬಳ್ಳಿಗೆ ಕೊಟ್ಟಿತ್ತು. ಅವಳ ಮನೆಯಲ್ಲಿ ಉಳಿದು, ಕಡೆಯ ತನಕ ನೋಡಿ ಬಂದು ಹೇಳುತ್ತೇನೆಂದು ನಾನು ಜಂಬ ಕೊಚ್ಚಿದೆ. ಶುಕ್ರವಾರ ಹೋದರೆ ಥಿಯೇಟರಿನ ಮುಂದೆ ಬೇರೆ ಪೋಸ್ಟರು. ವಾರ ತಿರುಗಿತ್ತು, ಪಿಚ್ಚರೂ ಬದಲಾಗಿತ್ತು. ಬರಿಗೈಲಿ ಹೇಗೆ ಬರುವುದು? ಶನಿವಾರ ಬೆಳಗಿನ ಬಸ್ಸು ಶಲವಡಿ ಮುಟ್ಟುವಷ್ಟರಲ್ಲಿ ಆ ಇಪ್ಪತ್ತು ನಿಮಿಷವನ್ನು ನಾನೇ ಹೆಣೆದಿದ್ದೆ. ಗೂಢಚಾರಿ ಕಟ್ಟು ಬಿಡಿಸಿಕೊಳ್ಳುತ್ತಾನೆ. ಆದರೆ ಆ ಹುಡುಗಿ ನೀರುಪಾಲಾಗಿರುತ್ತಾಳೆ. ಅವನು ಹಡಗಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಅಳುತ್ತಾನೆ.

ಗೆಳೆಯ ಬಾಯಿ ತೆರೆದುಕೊಂಡು ಕೇಳಿದ. ಕೇಳಿ ಮುಗಿಸಿ, "ಅಂಥಾವ ಅಳತಾನಂದ್ರ ಅದು ಡಬ್ಬಾ ಪಿಚ್ಚರ್ ಬಿಡಲೇ" ಅಂದ. ಅಂದಿನಿಂದ ಇಂಥ ವಿಷಯಕ್ಕೆಲ್ಲ ನಾನೇ ಹಿರಿಯ. ಯಾವ ಸಿನಿಮಾದ ಮಾತು ಬಂದರೂ ಅವನು ಕಡೆಗೆ ನನ್ನ ಕಡೆ ತಿರುಗಿ, ನೀ ಹೇಳಲೇ, ಎನ್ನುತ್ತಿದ್ದ. ಆ ಎರಡು ಶಬ್ದ ಕೇಳಲೆಂದೇ ನಾನು ರವಿವಾರ ಬಸ್ಸು ಹತ್ತುತ್ತಿದ್ದೆ ಎಂದರೆ ಸುಳ್ಳಲ್ಲ.

ಹೋದ ವರ್ಷ ನವಲಗುಂದದ ದನದ ದವಾಖಾನೆಗೆ ಒಬ್ಬ ಡಾಕ್ಟರು ವರ್ಗವಾಗಿ ಬಂದರು. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವರು. ಜಮಖಾನೆ ಕೊಳ್ಳಲು ಬಂದವರು ನಮ್ಮ ವಾದ ಕೇಳಿ, ಹಡಗಿನದೇ, ಅದು ಬಹಳ ಚಲೋ ಇದೆಯಲ್ಲ, ಎಂದು ಅಲ್ಲೇ ಕುಳಿತರು. ಕುಳಿತದ್ದು ನನ್ನ ಥಪ್ಪಿಯ ಮೇಲೆ. ನಾನು ಆಗಷ್ಟೇ ನೀರು ಕುಡಿಯಲು ಎದ್ದಿದ್ದೆ. ಗೆಳೆಯ ಏನಾದರೂ ಹೇಳುತ್ತಾನೆಂದು ನೋಡಿದೆ. ಅವನು ಇನ್ನೊಂದು ಜಮಖಾನೆ ತೆಗೆದು ಡಾಕ್ಟರ ಬೆನ್ನಿಗೆ ಆನಿಸಿಟ್ಟ. ಒಳಗಿನಿಂದ ಚಹಾ ಬಂತು, ಅವರಿಗೆ ಕಪ್ಪು-ಬಸಿಯಲ್ಲಿ, ನನಗೆ ದಿನದ ಗ್ಲಾಸಿನಲ್ಲಿ. ನಾನು ಸ್ಟೂಲಿನ ಮೇಲೆ ಕುಳಿತು ಆ ಚಹಾ ಕುಡಿದೆ, ಅದರ ರುಚಿ ಹತ್ತಲಿಲ್ಲ.

ಆಮೇಲೆ ಅವರೂ ರವಿವಾರ ತಪ್ಪಿಸಲಿಲ್ಲ. ಕೆಟ್ಟ ಮನುಷ್ಯರಲ್ಲ, ಅದೇ ನನಗೆ ತೊಂದರೆಯಾದದ್ದು. ಒಂದೊಂದು ಸಿನಿಮಾವನ್ನೂ ಎತ್ತಿನ ಹಲ್ಲು ನೋಡಿದಂತೆ ನೋಡಿ, ಎಲ್ಲಿ ಸೊರಗಿದೆ ಎಂದು ಬೆರಳಿಟ್ಟು ಹೇಳುತ್ತಿದ್ದರು. ಅವರ ಪ್ರಕಾರ ಡಬ್ಬಾ ಎಂದರೆ ಮಂಜಿನದು. ಖಳನಾಯಕ ತನ್ನ ಗುಟ್ಟಿನ ಕೋಟೆಗೆ ಗೂಢಚಾರಿಯನ್ನು ತಾನೇ ಊಟಕ್ಕೆ ಕರೆಯುತ್ತಾನೆ, ಇದೆಂಥ ಬುದ್ಧಿ, ಎಂಬುದು ಅವರ ವಾದ. ಬಾಗಿಲಿಗೆ ಬಂದವನಿಗೆ ಉಣ್ಣಲು ಹಾಕುವುದು ತಪ್ಪಲ್ಲ ಎಂದು ನಾನು ಹಟ ಹಿಡಿದೆ. ನನಗೇ ಆ ಮಾತು ಒಪ್ಪಿಗೆಯಿರಲಿಲ್ಲ; ಅವರು ಹೌದೆಂದದ್ದಕ್ಕೆ ಅಲ್ಲವೆನ್ನಬೇಕಿತ್ತು ಅಷ್ಟೇ. ಗೆಳೆಯ ನಕ್ಕು, "ಸಾಹೇಬ್ರ, ನೀವ ಹೇಳ್ರಿ" ಎಂದು ಅವರ ಕಡೆ ತಿರುಗಿದ. ಹಿತ್ತಲ ಗಿಡ ಮದ್ದಲ್ಲ. ಒಂದು ರವಿವಾರ ನಾನು ಹೋಗುವಷ್ಟರಲ್ಲಿ ಜಮಖಾನೆಯ ನನ್ನ ತುದಿಯನ್ನು ಡಾಕ್ಟರು ಹಿಡಿದು ನಿಂತಿದ್ದರು. ಮಡಿಕೆ ಓರೆಯಾಗಿತ್ತು. ಗೆಳೆಯ ಅದನ್ನು ನೋಡಿಯೂ, ಅಗದಿ ಚಲೋ ಆತ್ರಿ, ಎಂದ. ತಲೆನೋವಿನ ನೆಪ ಹೇಳಿ ಅರ್ಧ ತಾಸಿಗೇ ಊರಿಗೆ ಮರಳಿದೆ.

ಮುಂದಿನ ರವಿವಾರ ಹಡಗಿನ ಮಾತು ಬಂದೇ ಬಂತು. ಗೂಢಚಾರಿ ಅಳುವುದರಿಂದಲೇ ಅದು ಡಬ್ಬಾ ಎಂದು ನಾನು ಹಳೆಯ ತೀರ್ಪನ್ನು ಮತ್ತೆ ಕೊಟ್ಟೆ. ಡಾಕ್ಟರು ಹುಬ್ಬು ಗಂಟಿಕ್ಕಿದರು. ಅವನು ಎಲ್ಲಿಯೂ ಅಳುವುದಿಲ್ಲ, ಯಾರೋ ನೋಡದೆಯೇ ನಿಮಗೆ ಹೇಳಿದ್ದಾರೆ, ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ಏರಿದ ದನಿಯಲ್ಲಿ, ಯಾರೋ ಅಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ, ಎಂದೆ. ಅವರು ವಾದಕ್ಕಿಳಿಯಲಿಲ್ಲ. ಮೊಬೈಲು ತೆಗೆದು, ಆ ಸಿನಿಮಾ ಹುಡುಕಿ, ಕಡೆಯ ಭಾಗಕ್ಕೆ ಓಡಿಸಿ, ಚಹಾದ ಕಪ್ಪಿಗೆ ಆನಿಸಿ ನಿಲ್ಲಿಸಿದರು.

ನಾನು ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಮೂವತ್ತೈದು ವರ್ಷದ ಸುಳ್ಳು ಈ ಮನುಷ್ಯನೆದುರೇ ಬಯಲಾಗಬೇಕೆ? ಇನ್ನು ಗೆಳೆಯ ನನ್ನನ್ನು ಯಾವ ಮಾತಿಗೆ ನಂಬಿಯಾನು? ಕಂಬ, ಹಗ್ಗ, ಸಮುದ್ರ, ಎಲ್ಲ ನಾವು ಎದ್ದಾಗ ಇದ್ದ ಹಾಗೆಯೇ ಇದ್ದವು. ಸಿನಿಮಾ ನೋಡಲಾಗದೆ ನಾನು ಗೆಳೆಯನ ಮುಖ ನೋಡುತ್ತ ಕುಳಿತೆ. ಅವನು ನೂಲಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದ. ಸುತ್ತುತ್ತಲೇ, ತನಗೆ ತಾನೇ ಎಂಬಂತೆ, "ಈಗ ಹುಡುಗಿ ಮ್ಯಾಲೆ ಬರ್ತಾಳ" ಅಂದ.

ಹುಡುಗಿ ನೀರಿನಿಂದ ಮೇಲೆ ಬಂದಳು. ಹಲ್ಲಿನಲ್ಲಿ ಚಾಕು ಕಚ್ಚಿಕೊಂಡಿದ್ದಳು. ಹಗ್ಗ ಕೊಯ್ದಳು, ಹಡಗು ಸಿಡಿಯಿತು, ಇಬ್ಬರೂ ಸಣ್ಣ ದೋಣಿಯಲ್ಲಿ ನಗುತ್ತ ಹೋದರು. ಅಷ್ಟು ಚಲೋ ಮುಕ್ತಾಯವನ್ನು ನಾನು ಆ ಗೂಢಚಾರಿಯ ಬೇರೆ ಯಾವ ಸಿನಿಮಾದಲ್ಲೂ ನೋಡಿಲ್ಲ.

ಡಾಕ್ಟರು ನನ್ನ ಕಡೆ ತಿರುಗುವ ಮೊದಲೇ ಗೆಳೆಯ ಬಾಯಿ ಹಾಕಿದ. "ಆವಾಗ ಥೇಟರಿಗೆ ಬಂದದ್ದು ಬ್ಯಾರೇನ ಇತ್ರಿ ಸಾಹೇಬ್ರ. ನಾವಿಬ್ರೂ ನೋಡೇವಿ. ಅಳತಾನ."

ಡಾಕ್ಟರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಇರಬಹುದು, ಆಗೆಲ್ಲ ರೀಲು ಕತ್ತರಿಸುತ್ತಿದ್ದರಂತೆ, ಎಂದು ಮೊಬೈಲನ್ನು ಕಿಸೆಗೆ ಹಾಕಿದರು. ಯಾರದೋ ಎಮ್ಮೆ ಈಯಲು ತಿಣುಕುತ್ತಿದೆ ಎಂದು ಫೋನು ಬಂದು, ಚಹಾ ಅರ್ಧಕ್ಕೇ ಬಿಟ್ಟು ಹೋದರು.

ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಗೆಳೆಯ ಬಿಚ್ಚಿದ ಜಮಖಾನೆಯ ತುದಿ ಹಿಡಿದ. ಅಭ್ಯಾಸಬಲದಿಂದ ನಾನು ಇನ್ನೊಂದು ತುದಿ ಹಿಡಿದೆ.

"ಯಾವಾಗ ನೋಡಿದಿ?" ಎಂದು ಕೇಳಿದೆ.

"ಅವತ್ತ ಬುಧವಾರ ಹೋಗಿದ್ವೆಲ್ಲ," ಅಂದ. "ಅದರ ಮರುದಿನ, ಬೇಸ್ತವಾರ."

ಲೆಕ್ಕ ಹಾಕಿದೆ. ಬೇಸ್ತವಾರ ಇವನು ಪೂರ್ತಿ ನೋಡಿದ್ದಾನೆ. ಶುಕ್ರವಾರ ನಾನು ಪೋಸ್ಟರು ನೋಡಿ ತಿರುಗಿದ್ದೇನೆ. ಶನಿವಾರ ನಾನು ಕತೆ ಕಟ್ಟಿ ಹೇಳುವಾಗ, ಎಲ್ಲ ಗೊತ್ತಿದ್ದೂ, ಇವನು ಬಾಯಿ ತೆರೆದುಕೊಂಡು ಕೇಳಿದ್ದಾನೆ. ಆಮೇಲೆ ಮೂವತ್ತೈದು ವರ್ಷ, ತನಗೆ ಇಷ್ಟವಾದ ಸಿನಿಮಾವನ್ನು ನನ್ನ ಮಾತಿಗಾಗಿ ಡಬ್ಬಾ ಎನ್ನುತ್ತ ಬಂದಿದ್ದಾನೆ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಅವನಿಗೆ ಅಲ್ಲೇ ಕೈ ಮುಗಿಯುತ್ತಿದ್ದರು. ನನಗೂ ನಾಚಿಕೆ ಬಂತು, ಬರಲಿಲ್ಲವೆಂದಲ್ಲ. ಆದರೆ ಐದೂವರೆಯ ಬಸ್ಸು ಬಿಟ್ಟವನು ಶಲವಡಿಗೆ ಹೇಗೆ ಬಂದ ಎಂಬುದು ಅದಕ್ಕಿಂತ ಮೊದಲು ತಲೆಗೆ ಬಂತು. ಯಾರದೋ ಗಾಡಿಯ ಹಿಂದೆ ಕುಳಿತೇ ಬಂದಿರಬೇಕು.

"ಯಾರ ಜೋಡಿ ಹೋಗಿದ್ದಿ?" ಅಂದೆ.

ಅವನು ನನ್ನ ಹತ್ತಿರ ಬಂದು ನನ್ನ ಕೈಯಲ್ಲಿದ್ದ ತುದಿಯನ್ನು ತನ್ನ ತುದಿಗೆ ಕೂಡಿಸಿಕೊಂಡ. ಮಡಿಕೆ ನೆಟ್ಟಗೆ ಬಂದಿತ್ತು.

"ನೋಡ," ಅಂದ, "ಇದಕ್ಕ ನಿನಗ ಹೇಳಿರಲಿಲ್ಲ."

ಇವತ್ತಿಗೂ ಅವನು ಆ ಹೆಸರು ಹೇಳಿಲ್ಲ. ಆ ಕಾಲಕ್ಕೆ ನಮ್ಮೂರಿನಲ್ಲಿ ಮೋಟಾರ್ ಸೈಕಲ್ ಇದ್ದವರು ಮೂವರೇ. ಒಬ್ಬರು ತೀರಿಕೊಂಡಿದ್ದಾರೆ. ಉಳಿದ ಇಬ್ಬರಲ್ಲಿ ಒಬ್ಬರು ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಆರಾಮೇನ್ರಿ ಮಾಸ್ತರ, ಎಂದು ಕೈ ಮುಗಿದರು. ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ.