ಮರಳು ತುಂಬಿದ ಟ್ಯೂಬು

ಪಂಚರ್ ಅಂಗಡಿ ಅಕ್ಕನ ಮುಂಗೈ ಆಗ ನನ್ನ ಮೀನಖಂಡಕ್ಕಿಂತ ದಪ್ಪಗಿತ್ತು. ಆಂಧ್ರದ ಗಡಿಯೂರು ಮಡಕಶಿರದ ಬಸ್‌ಸ್ಟ್ಯಾಂಡ್ ಹಿಂದೆ ಟ್ರ್ಯಾಕ್ಟರ್ ಟೈರುಗಳಿಗೆ ರಾಡು ಹಾಕಿ ಕಳಚಿ ಕಳಚಿ ಬಲಿತ ಕೈ ಅದು. ನನ್ನದು ಕರೆಂಟ್ ಕಂಬದಿಂದ ಬಿದ್ದು ಮುರಿದು, ಮೂರು ತಿಂಗಳು ಕಟ್ಟಿನೊಳಗಿದ್ದು ಹೊರಬಂದ ಕಾಲು. ನೋಡಿದರೆ ನನಗೇ ಹೆದರಿಕೆಯಾಗುತ್ತಿತ್ತು. ಕಂಬ ಹತ್ತಲಾಗದ ಲೈನ್‌ಮ್ಯಾನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕಾಲಿಗೆ ಕೆಲಸ ಕೊಡು ಎಂದು ಡಾಕ್ಟರು ಹೇಳಿದ್ದರು. ಮನೆಯವರು ಮಾತ್ರ ಕಾಲುಸೂಪು ಕುಡಿಸಿ, ನೆಲಕ್ಕೆ ಊರಬೇಡವೆಂದು ಮಂಚದ ಮೇಲೇ ಕೂರಿಸಿದ್ದರು. ಸುಳ್ಳೇಕೆ, ನನಗೂ ಅದೇ ಬೇಕಿತ್ತು. ಊರಿದರೆ ಮತ್ತೆ ಲಟಕ್ಕೆಂದು ಮುರಿದರೆ?

“ಕುಂತು ಕುಂತು ಕಾಲು ಕಡ್ಡಿ ಆಗೈತೆ. ಇನ್ನೆಷ್ಟು ದಿನ ಹಿಂಗೇ ಕುಂತ್ಕಂತೀಯಪ್ಪಾ?” ಎದುರು ಮನೆಯ ಈ ಅಕ್ಕ ಒಂದು ಬೆಳಿಗ್ಗೆ ಬಂದು ನನ್ನನ್ನು ಅಂಗಡಿಗೆ ಎಳೆದೊಯ್ದಳು. ಹಳೇ ಸೈಕಲ್ ಟ್ಯೂಬಿಗೆ ಮರಳು ತುಂಬಿ, ಎರಡೂ ತುದಿ ಬಿಗಿದು, ನನ್ನ ಕಣಕಾಲಿಗೆ ಸುತ್ತಿದಳು. ಸ್ಟೂಲಿನ ಮೇಲೆ ಕೂತು ಕಾಲು ಚಾಚಬೇಕು, ನಿಧಾನ ಇಳಿಸಬೇಕು. ಆಮೇಲೆ ಸ್ಟ್ಯಾಂಡ್ ಹಾಕಿದ ಸೈಕಲ್ಲು ತುಳಿಯಬೇಕು. ವಾರಕ್ಕೊಂದು ಹಿಡಿ ಮರಳು ಹೆಚ್ಚು. ನೋವಿಗೆ ನಿಲ್ಲಿಸಿದರೆ ಸುಮ್ಮನಿರುತ್ತಿದ್ದಳು. ಹೆದರಿ ನಿಲ್ಲಿಸಿದರೆ ಅದು ಹೇಗೋ ಗೊತ್ತಾಗಿ, ತೆಲುಗಿನಲ್ಲಿ ಬೈಗುಳ ಶುರುವಾಗುತ್ತಿತ್ತು.

ಸೈಕಲ್ಲು ರಸ್ತೆಗಿಳಿದ ದಿನ ಅಗಳಿ ಊರಿನ ದಾರಿಯ ಏರು ನೋಡಿಯೇ ನಾನು ಬ್ರೇಕು ಹಿಡಿದು ನಿಂತೆ. ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಕ್ಯಾರಿಯರ್ ಮೇಲೆ ಕೂತೇಬಿಟ್ಟಳು.

“ಅಯ್ಯೋ, ಇಳಿಯಕ್ಕ! ಬಿದ್ರೆ ನೀನೂ ಸಾಯ್ತೀಯ!”

“ಅದ್ಕೇ ಕುಂತಿರಾದು. ಒಬ್ನೇ ಆದ್ರೆ ನೀನು ಬಿದ್ಬಿಡ್ತೀಯ. ತುಳಿ.”

ನನ್ನ ಅಂಗಿಯನ್ನು ಅವಳು ಎರಡೂ ಮುಷ್ಟಿಯಲ್ಲಿ ಹರಿಯುವಷ್ಟು ಬಿಗಿ ಹಿಡಿದಿದ್ದಳು. ಅವಳಿಗೂ ಹೆದರಿಕೆ! ಅದು ತಿಳಿದ ಮೇಲೆ ಇಳಿಯಲು ನಾಚಿಕೆಯಾಗಿ, ಏರು ಮುಗಿಯುವ ತನಕ ತುಳಿದೆ.

ಮಳೆಗಾಲಕ್ಕೆ ಮತ್ತೆ ಕಂಬ ಹತ್ತಿದೆ. ಇವತ್ತಿಗೂ ಹೆದರಿಕೊಂಡೇ ಹತ್ತುತ್ತೇನೆ.

ಹೋದ ವರ್ಷ ಎದೆನೋವೆಂದು ಮಲಗಿದ ಅಕ್ಕ ಏಳಲಿಲ್ಲ. ನಾನು ಹೆಗಲು ಕೊಡಲು ಹೋದರೆ ಅವಳ ಗಂಡನೇ ತಡೆದರು: “ಬ್ಯಾಡಪ್ಪಾ, ನಿನ್ ಕಾಲು...”

ದಾರಿಯಲ್ಲಿ ಮಂಡಿ ಕೈಕೊಟ್ಟು ಅವಳನ್ನು ಕೆಡವಿಬಿಟ್ಟರೆ ಎಂಬ ಭಯ ನನಗೂ ಇತ್ತು.

“ನಾನೇ ಹೊರ್ತೀನಿ ಭಾವ,” ಎಂದೆ.

ಹೆಗಲು ಬದಲಿಸಲು ಬಂದವರನ್ನೆಲ್ಲ ಬೇಡವೆಂದು ಸ್ಮಶಾನದ ತನಕ ಹೊತ್ತೆ. ಕಾಲು ತಾಳಿಕೊಂಡಿತು. ಅವಳನ್ನು ಇಳಿಸಿದ ಮೇಲೆ ಮಣ್ಣಿನಲ್ಲೇ ಕೂತು ಅತ್ತೆ.